ಒಳಗಿನವರೆಲ್ಲ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುವುದು ಹೇಗೆ

ಒಂದೇ ಮೈಯಲ್ಲಿ ಒಬ್ಬರಿಗಿಂತ ಜಾಸ್ತಿ ಮಂದಿ ಇದ್ದಾರೆ ಅನ್ನಿಸುವವರಿಗೆ, ದಿನದ ನಡುವೆ ಹೊತ್ತು ಹೊತ್ತೇ ಕಳೆದುಹೋಗುವವರಿಗೆ, ಅವರ ಜೊತೆ ಒಂದೇ ಮನೆಯಲ್ಲಿ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಬಳ್ಳಾರಿಯವಳು. ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಪೀಸ್ ಲೆಕ್ಕದಲ್ಲಿ ಕೆಲಸ ಮಾಡುತ್ತೇನೆ. ಅಕ್ಕನ ಮನೆಯಲ್ಲಿದ್ದೇನೆ. ನನಗಿರುವ ತೊಂದರೆಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲಿ ಮಲ್ಟಿಪಲ್ ಪರ್ಸನಾಲಿಟಿ ಅಂತ ಸೇರಿಸಿದ್ದರು. 1994ರಲ್ಲಿ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅಂತ ಬದಲಾಯಿಸಿದರು. ಚಿಕ್ಕದಾಗಿ ಡಿಐಡಿ. 'ನಾನು' ಅನ್ನುವುದೇ ಒಳಗೆ ಹಲವು ತುಂಡಾಗಿ, ನೆನಪೂ ಹಂಚಿಹೋಗುವ ಕಾಯಿಲೆ ಇದು. ನಿಮ್ಮ ಚೀಟಿಯಲ್ಲೂ ಡಾಕ್ಟರು ಈ ಮೂರಕ್ಷರ ಬರೆದಿರಬಹುದು.

ಇದರಲ್ಲಿ ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ನೆನಪು ಕೂಡಬೇಕಾದರೆ ಇವತ್ತಿನದರಿಂದ ಶುರು ಮಾಡಿ. ಚಿಕ್ಕಂದಿನಲ್ಲಿ ಏನಾಯಿತು ಅಂತ ಅಗೆಯಲು ಹೋಗಬೇಡಿ. ಇವತ್ತು ಯಾರು ಊಟ ಮಾಡಿದರು, ಯಾರು ಹಣ ಕೊಟ್ಟರು, ಯಾರು ಯಾರಿಗೆ ಏನು ಮಾತು ಕೊಟ್ಟರು, ಅದನ್ನು ಒಳಗಿನವರೆಲ್ಲ ಹಂಚಿಕೊಳ್ಳಲಿ. ಹಳೆಯದಕ್ಕೆ ಅದರದೇ ಜಾಗ, ಅದರದೇ ಹೊತ್ತು ಇದೆ.

ಆದರೆ ಅದಕ್ಕೂ ಮೊದಲು ತಪಾಸಣೆ. ಹೊತ್ತು ಕಳೆದುಹೋಗುವುದಕ್ಕೆ ಡಿಐಡಿ ಒಂದೇ ಕಾರಣ ಅಲ್ಲ. ಒಂದು ಜಾತಿಯ ಮೂರ್ಛೆ ರೋಗದಲ್ಲಿ ಕೈಕಾಲು ಸೆಟೆಯುವುದೇ ಇಲ್ಲ. ಮನುಷ್ಯ ಕಣ್ಣು ಬಿಟ್ಟುಕೊಂಡೇ ಇರುತ್ತಾನೆ, ಆಮೇಲೆ ಏನೂ ನೆನಪಿರುವುದಿಲ್ಲ. ತಲೆಗೆ ಪೆಟ್ಟು ಬಿದ್ದಿದ್ದರೆ, ಕುಡಿತ ಇದ್ದರೆ, ಕೆಲವು ನಿದ್ದೆ ಮಾತ್ರೆ ನುಂಗುತ್ತಿದ್ದರೆ ಕೂಡ ಹೀಗಾಗಬಹುದು. ಇಇಜಿ, ಅಂದರೆ ಮೆದುಳಿನ ತಪಾಸಣೆ, ಮಾಡಿಸಿ ಅಂದರೆ ಮಾಡಿಸಿ, 'ನನಗೆ ಹುಚ್ಚು ಅಂತ ತಿಳಿದಿದ್ದಾರೆ' ಅಂತ ಬೇಜಾರು ಮಾಡಿಕೊಳ್ಳಬೇಡಿ. ಸುಮ್ನೆ ವಿಡಿಯೋ ನೋಡಿ ನಾನೂ ಹಾಗೇ ಅಂತ ತೀರ್ಮಾನಿಸುವುದು ಬೇಡ, ಡಾಕ್ಟರಿಲ್ಲದೆ ಇಲ್ಲ ಅಂತ ತೀರ್ಮಾನಿಸುವುದೂ ಬೇಡ. ಇದು ಗೊತ್ತಾಗುವುದು ತಡ. ಡಿಸೋಸಿಯೇಶನ್ (ಹೀಗೆ ಒಳಗೆ ತುಂಡಾಗುವುದು) ಚಿಕಿತ್ಸಕರ ಅಂತರರಾಷ್ಟ್ರೀಯ ಸಂಘದ 2011ರ ಮಾರ್ಗಸೂಚಿಯಲ್ಲಿ, ಮಾನಸಿಕ ಚಿಕಿತ್ಸೆಗೆ ಬಂದ ಮೇಲೂ ಸರಿಯಾದ ಹೆಸರು ಸಿಗಲು ಸರಾಸರಿ 5ರಿಂದ 12 ವರ್ಷ ಹಿಡಿಯುತ್ತದೆ ಅಂತ ಇದೆ. ನನಗೂ ಮೊದಲು ಖಿನ್ನತೆ ಅಂದರು, ಆಮೇಲೆ ಗಾಳಿ ಅಂದರು, ಆಮೇಲೆ ನಾಟಕ ಅಂದರು.

ನೆನಪು ಹೋಗುವುದು ಅಂದರೆ ಹೇಗಿರುತ್ತದೆ ಅಂತ ಹೊರಗಿನವರಿಗೆ ಅಂದಾಜು ಸಿಗುವುದಿಲ್ಲ. ಒಂದು ದಿನದ್ದು ಹೇಳುತ್ತೇನೆ. ಮಧ್ಯಾಹ್ನ ಬುತ್ತಿ ಬಿಚ್ಚಿದ್ದು ನೆನಪಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಆಮೇಲೆ ನೆನಪಿರುವುದು ಲೈಟು ಹಾಕಿದ ಮೇಲಿನದು. ನಡುವೆ ಏನೂ ಇಲ್ಲ. ನಿದ್ದೆ ಮಾಡಿ ಎದ್ದ ಹಾಗೂ ಅಲ್ಲ, ನಿದ್ದೆಯಾದರೆ ಮಲಗಿದ್ದೆ ಅಂತಾದರೂ ಗೊತ್ತಿರುತ್ತದೆ ಅಲ್ವಾ. ಮಿಷನ್ ಪಕ್ಕದಲ್ಲಿ ಹಿಂಜೇಬು ಕೂಡಿಸಿದ ಪೀಸುಗಳು ಕಟ್ಟು ಕಟ್ಟಿ ಇಟ್ಟಿವೆ. ಹೊಲಿಗೆ ನೆಟ್ಟಗಿದೆ, ಮೂಲೆಯಲ್ಲಿ ದಾರ ಕೂಡ ಕತ್ತರಿಸಿದೆ. ಬಂಡಲ್ ಚೀಟಿಯ ಮೇಲೆ ನನ್ನ ಹೆಸರಿದೆ. ಅಕ್ಷರ ಮಾತ್ರ ನನ್ನದಲ್ಲ. ನಾನು ಬಲಕ್ಕೆ ವಾಲಿಸಿ ಬರೆಯುತ್ತೇನೆ. ಇದು ಗುಂಡಗೆ, ಪೆನ್ನು ಒತ್ತಿ ಬರೆದದ್ದು. ಚೀಟಿ ತಿರುಗಿಸಿ ಬೆರಳಾಡಿಸಿದರೆ ಹಿಂದೆ ಉಬ್ಬು ಸಿಗುತ್ತದೆ.

ಆ ಅಕ್ಷರದಾಕಿಯನ್ನು ನಾವು ಲೆಕ್ಕದಾಕಿ ಅಂತ ಕರೆಯುತ್ತಿದ್ದೆವು. ಇನ್ನೊಬ್ಬಳು ಸಿಟ್ಟಿನಾಕಿ. ಮತ್ತೊಬ್ಬಳು ಸಣ್ಣಾಕಿ, ಅವಳಿಗೆ ಪೆನ್ನಿಗಿಂತ ಪೆನ್ಸಿಲ್ ಇಷ್ಟ. ಒಳಗಿರುವವರಿಗೆ ಹೆಸರು ಇರಲೇಬೇಕು ಅಂತಿಲ್ಲ. ಹೆಸರಿಲ್ಲದವರಿಗೆ ನೀವಾಗಿ ಹೆಸರಿಟ್ಟು, ವಯಸ್ಸು ಕೇಳಿ, ಬಟ್ಟೆ ಬಣ್ಣ ಕೇಳಿ ಬೆಳೆಸುವುದೂ ಬೇಡ. ಬೇರೆಯಾಗಿ ಇರುವುದಕ್ಕೆ ಅದರಿಂದ ಇನ್ನಷ್ಟು ಬಲ ಬರುತ್ತದೆ. ಅವರು ಏನು ಕೆಲಸ ಹೊತ್ತುಕೊಂಡಿದ್ದಾರೆ ಅಂತ ತಿಳಿದರೆ ಸಾಕು.

ಈಗ ನನಗೆ ಬಹಳ ಧೈರ್ಯ ಕೊಟ್ಟ ಒಂದು ಸಂಗತಿ. ನೆದರ್ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ರಾಫೇಲ್ ಹುಂಟ್ಯೆನ್ಸ್ ಮತ್ತು ಅವರ ಜೊತೆಗಾರರು ಡಿಐಡಿ ಇರುವವರ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದ್ದಾರೆ. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಬ್ಬಳ ಸ್ವಂತ ಬದುಕಿನ ವಿವರಗಳನ್ನು ಬೇರೆ ಪದಗಳ ನಡುವೆ ಬೆರೆಸಿ, ಒಳಗಿನ ಇನ್ನೊಬ್ಬಳಿಗೆ ಪರದೆಯ ಮೇಲೆ ತೋರಿಸಿದರು. 'ಇದು ನನಗೆ ಗೊತ್ತೇ ಇಲ್ಲ' ಅಂದವರೂ ಆ ಪದ ಬಂದಾಗ ಬಟನ್ ಒತ್ತಲು ಸ್ವಲ್ಪ ತಡ ಮಾಡಿದರು. ಗುರುತು ಸಿಕ್ಕಾಗ ಆಗುವ ತಡ ಅದು. ಅಂದರೆ ನೆನಪು ಅಳಿಸಿಹೋಗಿಲ್ಲ. ಅದು ಅದೇ ತಲೆಯಲ್ಲಿದೆ, ನನ್ನದು ಅಂತ ಅನ್ನಿಸುತ್ತಿಲ್ಲ ಅಷ್ಟೇ. ಇದನ್ನು ಕೆಲವರು 'ಹಾಗಾದರೆ ಎಲ್ಲ ಸುಳ್ಳು' ಅಂತ ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ಕಳೆದುಹೋಗದೇ ಇರುವುದನ್ನು ವಾಪಸು ಪಡೆಯುವ ದಾರಿ ಇದೆ ಅಂತ ಓದುತ್ತೇನೆ. ನನ್ನ ಕೈಗೆ ಇದು ಮೊದಲಿಂದ ಗೊತ್ತಿತ್ತು. ಯಾರು ಮಿಷನ್ ಮೇಲೆ ಕೂತರೂ ಜೇಬು ನೆಟ್ಟಗೇ ಬರುತ್ತಿತ್ತು. ಕೈ ಕಲಿತದ್ದು ಸಾಮಾನ್ಯವಾಗಿ ಎಲ್ಲರಿಗೂ ಸಿಗುತ್ತದೆ. ಸಿಗದೇ ಇರುವುದು ಯಾವತ್ತು, ಎಲ್ಲಿ, ಯಾರ ಜೊತೆ ಅನ್ನುವ ನೆನಪು.

ನೋಟ್‌ಬುಕ್ಕಿಗೆ ಬರೋಣ. ಉದ್ದನೆಯ ರೂಲ್ ನೋಟ್‌ಬುಕ್ ತಗೊಳ್ಳಿ, ಬಿಡಿ ಹಾಳೆ ಬೇಡ. ಬಿಡಿ ಹಾಳೆಯನ್ನು ಯಾರಾದರೂ ಹರಿದು ಬಿಸಾಕುತ್ತಾರೆ, ಆಮೇಲೆ ಬಿಸಾಕಿದ್ದೂ ನೆನಪಿರುವುದಿಲ್ಲ. ಅದನ್ನು ಇಡುವ ಜಾಗ ಒಂದೇ ಇರಲಿ. ನಮ್ಮದು ಹೊಲಿಗೆ ಮಿಷನ್ ಡ್ರಾದಲ್ಲಿ, ಬಾಬಿನ್ ಡಬ್ಬಿಯ ಕೆಳಗೆ ಇರುತ್ತದೆ. ಮೊದಲ ಪುಟದಲ್ಲಿ ಇಸವಿಯನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಇದು ಯಾರ ಮನೆ, ಮನೆಯಲ್ಲಿ ಯಾರಿದ್ದಾರೆ, ಯಾರ ಫೋನ್ ನಂಬರಿಗೆ ಮಾಡಬೇಕು ಅಂತ ಬರೆಯಿರಿ. ಒಳಗಿನ ಸಣ್ಣವರಿಗೆ ಕಾಲ ಮುಂದೆ ಹೋದದ್ದು ಗೊತ್ತಿರುವುದಿಲ್ಲ. ಹಳೆಯ ಮನೆಯಲ್ಲೇ, ಹಳೆಯ ಇಸವಿಯಲ್ಲೇ ಇದ್ದೇವೆ ಅಂತ ಹೆದರಿಕೊಂಡಿರುತ್ತಾರೆ. ನಮ್ಮ ಮೊದಲ ಪುಟದಲ್ಲಿ ಅಕ್ಕ ತನ್ನ ಕೈಯಾರೆ ಬರೆದಿದ್ದಾಳೆ: 'ಇದು ಅಕ್ಕನ ಮನೆ. ಇಲ್ಲಿ ಯಾರೂ ಹೊಡೆಯುವವರಿಲ್ಲ. ರಾತ್ರಿ ಬಾಗಿಲು ಒಳಗಿನಿಂದ ಚಿಲಕ ಹಾಕಿರುತ್ತೇನೆ.' ಅದರ ಕೆಳಗೆ ನಾನು ಬರೆದದ್ದು: 'ಮೈ ಒಂದೇ. ಒಬ್ಬರಿಗೆ ಆದದ್ದು ಎಲ್ಲರಿಗೂ ಆಗುತ್ತದೆ.' ಈ ಸಾಲು ಸುಮ್ನೆ ಬರೆದದ್ದಲ್ಲ. ಮೈಗೆ ಗಾಯ ಮಾಡಿದರೆ ಅವಳಿಗಷ್ಟೇ ಆಗುತ್ತದೆ, ತನಗೇನೂ ಆಗುವುದಿಲ್ಲ ಅಂತ ನಿಜವಾಗಿ ನಂಬುವವರು ಒಳಗೆ ಇರಬಹುದು. ಅವರಿಗೆ ಇದನ್ನು ಮತ್ತೆ ಮತ್ತೆ ತಿಳಿಸಬೇಕು.

ಆಮೇಲಿನ ಪುಟಗಳಲ್ಲಿ ದಿನದ ಸಂಗತಿ. ದೊಡ್ಡ ಡೈರಿ ಬರೆಯಲು ಹೋದರೆ ವಾರದಲ್ಲಿ ನಿಂತುಹೋಗುತ್ತದೆ. ತಾರೀಖು, ಹೊತ್ತು, ಆದದ್ದು, ಬಾಕಿ ಉಳಿದದ್ದು. ನಮ್ಮ ಒಂದು ಪುಟ ಹೀಗಿದೆ. ವಾಲಿದ ಅಕ್ಷರದಲ್ಲಿ: 'ಬೆಳಿಗ್ಗೆ ಬೆಲ್ಟ್ ಕೆಲಸ. ನಾಳೆ ಬೇಗ ಬಾ ಅಂದಿದ್ದಾರೆ ಮಾಸ್ತರ. ಅಕ್ಕನ ಹತ್ತಿರ 200 ತಗೊಂಡೆ, ಬಟವಾಡೆ ಆದ ಮೇಲೆ ಕೊಡಬೇಕು.' ಒತ್ತಿ ಬರೆದ ಗುಂಡಕ್ಷರದಲ್ಲಿ: 'ಕೊಟ್ಟಾಯ್ತು 200. ಮತ್ತೆ ಕೊಡಬೇಡ.' ಅದರ ಕೆಳಗೆ ಪೆನ್ಸಿಲ್‌ನಲ್ಲಿ: 'ಮಂಡಕ್ಕಿ ತಿಂದೆ. ಮಿರ್ಚಿ ಖಾರ.' ಅಷ್ಟೇ. ಆದರೆ ಆ ಪುಟ ಓದಿದ ಮೇಲೆ ನನಗೆ ಬಾಯಲ್ಲಿ ಖಾರ ಇದ್ದದ್ದು ಯಾಕೆ ಅಂತ ತಿಳಿಯಿತು, ಅಕ್ಕನಿಗೆ ಎರಡು ಸಲ ಹಣ ಕೊಡುವುದೂ ತಪ್ಪಿತು.

ಬರೆಯಲು ಬಾರದವರು, ಅಥವಾ ಬರೆಯಲು ಒಪ್ಪದವರು ಒಳಗೆ ಇದ್ದರೆ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಲಿ. ವಾಟ್ಸ್ಆ್ಯಪ್‌ನಲ್ಲಿ ನಮ್ಮ ನಂಬರಿಗೇ ನಾವು ಕಳಿಸಿಕೊಳ್ಳಬಹುದು. ಚಿತ್ರ ಬರೆಯಲಿ. ಯಾರು ಅಂತಲೇ ಗೊತ್ತಿಲ್ಲದವರಿಗೆ ಅರ್ಧ ಪುಟ ಖಾಲಿ ಬಿಟ್ಟು ಒಂದು ಪ್ರಶ್ನೆ ಬರೆದಿಡಿ: 'ನಿನ್ನೆ ಸಂಜೆ ಹೊರಗೆ ಹೋದವರು ಯಾರು? ಬೈಯುವುದಿಲ್ಲ, ತಿಳಿಯಲು ಕೇಳುತ್ತಿದ್ದೇನೆ.' ಉತ್ತರ ಬರಲು ಬಹಳ ದಿನ ಹಿಡಿಯಬಹುದು. ಬೈದು ಬರೆದರೆ ಬರುವುದೇ ಇಲ್ಲ.

ನಮ್ಮಲ್ಲಿ ಒಪ್ಪಂದ ಹೀಗಿದೆ. ಯಾರೂ ಪುಟ ಹರಿಯಬಾರದು. ಇನ್ನೊಬ್ಬಳು ಬರೆದದ್ದರ ಮೇಲೆ ಗೀಚಬಾರದು, ಕೆಳಗೆ ಉತ್ತರ ಬರೆಯಬೇಕು. ಹಳೆಯ ನೋವಿನ ವಿವರ ಈ ನೋಟ್‌ಬುಕ್ಕಿನಲ್ಲಿ ಬರೆಯಬಾರದು. 'ಹಳೇದು ಬಂತು' ಅಂತ ಮೂರು ಮಾತಿನೊಳಗೆ ಬರೆದು, ಉಳಿದದ್ದನ್ನು ಡಾಕ್ಟರಮ್ಮನ ರೂಮಿನಲ್ಲೇ ಹೇಳಬೇಕು. ಯಾಕೆಂದರೆ ಸಣ್ಣಾಕಿಯೂ ಇದೇ ಪುಟ ಓದುತ್ತಾಳೆ. ನೋಟ್‌ಬುಕ್ಕನ್ನು ಮನೆಯವರು ಕೇಳದೆ ಓದುವ ಹಾಗಿಲ್ಲ. ಅಕ್ಕ ಇದನ್ನು ಇವತ್ತಿನವರೆಗೂ ಪಾಲಿಸಿದ್ದಾಳೆ. ಅದಕ್ಕೇ ಸಿಟ್ಟಿನಾಕಿ ಕೂಡ ಬರೆಯಲು ಶುರು ಮಾಡಿದ್ದು.

ಮಾತ್ರೆಯ ಬಗ್ಗೆ ಹುಷಾರು. ಡಿಐಡಿಗೆ ಅಂತಲೇ ಮಾತ್ರೆ ಇಲ್ಲ. ಮಾತಿನ ಚಿಕಿತ್ಸೆಯೇ ಮುಖ್ಯ. ಆದರೆ ನಿದ್ದೆಗೆ, ಖಿನ್ನತೆಗೆ, ಗಾಬರಿಗೆ ಕೊಟ್ಟಿರುತ್ತಾರೆ. ಒಬ್ಬಳು ನುಂಗಿದ್ದು ಇನ್ನೊಬ್ಬಳಿಗೆ ಗೊತ್ತಾಗದೆ ಎರಡನೇ ಸಲ ನುಂಗುವ ಅಪಾಯ ಇದೆ. ಸ್ಟ್ರಿಪ್ಪಿನ ಹಿಂದೆ ಒಂದೊಂದು ಮಾತ್ರೆಯ ನೇರಕ್ಕೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆದಿಡಿ. ಇವತ್ತಿನ ತಾರೀಖಿನ ಗುಳಿ ಖಾಲಿ ಇದ್ದರೆ ಯಾರೋ ನುಂಗಿದ್ದಾರೆ ಅಂತ ಅರ್ಥ, ಯಾರು ಅಂತ ಆಮೇಲೆ ನೋಡೋಣ. ಪೂರ್ತಿ ತಿಂಗಳಿನ ಮಾತ್ರೆ ನಮ್ಮಕ್ಕನಂಥ ನಂಬಿಕೆಯವರ ಹತ್ತಿರ ಇರಲಿ, ನಿಮ್ಮ ಕೈಯಲ್ಲಿ ವಾರದ್ದಷ್ಟೇ. ಹಣಕ್ಕೂ ಹಾಗೇ. ಫೋನ್‌ಪೇ ಹಿಸ್ಟರಿ ಒಳ್ಳೆಯ ಸಾಕ್ಷಿ. ರಾತ್ರಿ ಒಮ್ಮೆ ತೆರೆದು, ಗೊತ್ತಿಲ್ಲದ ಖರ್ಚನ್ನು ನೋಟ್‌ಬುಕ್ಕಿನಲ್ಲಿ ಬರೆದು 'ಇದು ಯಾರದು' ಅಂತ ಕೇಳಿ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ, ಕೇಳಲು ಕಷ್ಟ ಆದರೂ. ಒಳಗಿನ ಯಾರೇ ಮಾಡಲಿ, ಮಾಡಿದ್ದಕ್ಕೆ ಹೊಣೆ ಇಡೀ ಮನುಷ್ಯರದು. 'ಅದು ನಾನಲ್ಲ' ಅಂತ ಮಾಲೀಕರ ಮುಂದೆ ಹೇಳಿದರೆ ನಡೆಯುವುದಿಲ್ಲ, ನಡೆಯಲೂ ಬಾರದು. ಸಿಟ್ಟಿನಾಕಿ ಯಾರಿಗೋ ಬೈದರೆ ಕ್ಷಮೆ ಕೇಳುವವಳು ನಾನು. ಇದು ಶಿಕ್ಷೆ ಅಲ್ಲ. ಅವಳು ಮಾಡಿದ್ದೂ ನಾನು ಮಾಡಿದ್ದೇ ಅಂತ ಒಪ್ಪಿದಾಗಲೇ ಅದರ ನೆನಪು ನನ್ನ ಕಡೆ ಬರಲು ಶುರುವಾದದ್ದು.

ಅದಕ್ಕೆ ನಾವು ಮಾಡುವ ಒಂದು ಸಣ್ಣ ಅಭ್ಯಾಸ ಇದೆ. ಮಲಗುವ ಮುಂಚೆ ದಿನದ ಪುಟವನ್ನು ಜೋರಾಗಿ ಓದುತ್ತೇನೆ. ಮೊದಲು ಬರೆದಂತೆ: 'ಲೆಕ್ಕದಾಕಿ 200 ಕೊಟ್ಟಳು.' ಆಮೇಲೆ ಅದೇ ಸಾಲು: 'ನಾನು 200 ಕೊಟ್ಟೆ.' ಕಣ್ಣು ಮುಚ್ಚಿ, ಕೈಯಲ್ಲಿ ನೋಟು ಹಿಡಿದದ್ದು, ಅಕ್ಕ ಒದ್ದೆ ಕೈ ಸೀರೆ ಸೆರಗಿಗೆ ಒರೆಸಿಕೊಂಡು ತಗೊಂಡದ್ದು ಸಿಗುತ್ತದಾ ಅಂತ ನೋಡುತ್ತೇನೆ. ಸಿಕ್ಕರೆ ಒಂದು ಗೆರೆ ಎಳೆಯುತ್ತೇನೆ. ಸಿಗದಿದ್ದರೆ ಬಿಡುತ್ತೇನೆ. ಬಲವಂತ ಮಾಡಿದರೆ ಮನಸ್ಸು ಇಲ್ಲದ ಚಿತ್ರ ಕಟ್ಟಿಕೊಡುತ್ತದೆ, ಅದು ನೆನಪಲ್ಲ. ಇಂಥ ಸಾದಾ ವಿಷಯದಲ್ಲೇ ಅಭ್ಯಾಸ ಮಾಡಿ. ನೋವಿನ ವಿಷಯಕ್ಕೆ ಇದನ್ನು ಒಬ್ಬರೇ ಕೂತು ಮಾಡಬೇಡಿ.

ಯಾಕೆ ಇಷ್ಟು ಎಚ್ಚರ ಅಂದರೆ, ನೆನಪು ಬೇರೆಯವರ ಮಾತಿಗೆ ಬಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕ್ಕಂದಿನಲ್ಲಿ ನೀನು ದೊಡ್ಡ ಅಂಗಡಿಯಲ್ಲಿ ತಪ್ಪಿಸಿಕೊಂಡಿದ್ದೆ ಅನ್ನುವ ಸುಳ್ಳು ಕತೆಯನ್ನು 24 ಮಂದಿಗೆ ಅವರ ಮನೆಯವರ ಹೆಸರಿನಲ್ಲಿ ಕೊಟ್ಟರು. ಸುಮಾರು ನಾಲ್ಕರಲ್ಲಿ ಒಂದು ಪಾಲು ಮಂದಿಗೆ ಅದು ಪೂರ್ತಿಯೋ ಅರೆಬರೆಯೋ ನೆನಪಾಯಿತು. ಹಾಗಾಗಿ 'ನಿನಗೆ ಯಾರು ಏನು ಮಾಡಿದರು, ಇವರೇ ಅಲ್ವಾ' ಅಂತ ಮನೆಯವರು ಬಾಯಿಗೆ ಮಾತು ಹಾಕಬಾರದು. ಹಿಪ್ನೋಸಿಸ್ (ಸಂಮೋಹನ) ಮಾಡಿ ಬಾಲ್ಯದ ನೆನಪು ತೆಗೆದುಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಇನ್ನೊಂದು ಕಡೆಯೂ ಅಷ್ಟೇ ಮುಖ್ಯ. ಪ್ರಯೋಗದಲ್ಲಿ ಸುಳ್ಳು ನೆನಪು ಹುಟ್ಟಿತು ಅಂದ ಮಾತ್ರಕ್ಕೆ ಮಗು ಹೇಳಿದ್ದೆಲ್ಲ ಸುಳ್ಳು ಅಂತಲ್ಲ. ಡಿಐಡಿಗೆ ಚಿಕ್ಕಂದಿನ ಮೇಲಿಂದ ಮೇಲಿನ ಹಿಂಸೆಯೇ ಮೂಲ ಅಂತ ಬಹಳಷ್ಟು ಚಿಕಿತ್ಸಕರು ಹೇಳುತ್ತಾರೆ. ಸೂಚನೆ, ಕಲ್ಪನೆ, ಸುತ್ತಲಿನ ಕತೆಗಳ ಪಾಲೂ ಇದೆ ಅಂತ ಇನ್ನು ಕೆಲವು ಸಂಶೋಧಕರು. ಈ ವಾದ ಮುಗಿದಿಲ್ಲ. ನಮಗೆ ಬದುಕಲು ವಾದ ಮುಗಿಯುವ ತನಕ ಕಾಯಬೇಕಾಗಿಲ್ಲ. ಈಗಲೂ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮಾತ್ರ ನೋಟ್‌ಬುಕ್ಕು, ಅಭ್ಯಾಸ ಎಲ್ಲ ಆಮೇಲೆ. ಮೊದಲು ಅಲ್ಲಿಂದ ಹೊರಗೆ ಬರಬೇಕು. ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098, ತುರ್ತಿಗೆ 112.

ಈ ಕಾರಣಕ್ಕೇ ಚಿಕಿತ್ಸೆಯನ್ನು ಮೂರು ಹಂತದಲ್ಲಿ ಮಾಡುತ್ತಾರೆ. ಮೊದಲು ಸುರಕ್ಷೆ ಮತ್ತು ದಿನದ ಬದುಕು ಹಳಿಗೆ ಬರುವುದು. ಎರಡನೆಯದು ಹಳೆಯ ನೋವಿನ ನೆನಪುಗಳನ್ನು ಸ್ವಲ್ಪ ಸ್ವಲ್ಪವೇ ಎದುರಿಸುವುದು. ಮೂರನೆಯದು ಒಂದಾಗುವುದು. ಮೊದಲ ಹಂತದಲ್ಲೇ ವರ್ಷಗಟ್ಟಲೆ ಇದ್ದರೂ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಳೆಯದು ಮೈಮೇಲೆ ಬಿದ್ದಾಗ ಏನು ಮಾಡಬೇಕು ಅಂತ ಮನೆಯವರು ಕೇಳುತ್ತಾರೆ. ಮೈಯನ್ನು ಈ ಹೊತ್ತಿಗೆ ತರಬೇಕು. ಬರಿಗಾಲನ್ನು ನೆಲಕ್ಕೆ ಒತ್ತುವುದು, ಕಡಪಾ ಕಲ್ಲಿನ ನೆಲವಾದರೆ ತಂಪು ಚೆನ್ನಾಗಿ ಗೊತ್ತಾಗುತ್ತದೆ. ಮುಖಕ್ಕೆ ನೀರು. ಕಣ್ಣಿಗೆ ಕಾಣುವ ಐದು ವಸ್ತು ಹೆಸರಿಸುವುದು. ನನಗೆ ಡೆನಿಮ್ ಬಟ್ಟೆಯ ಒರಟು ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದರೆ ಬೇಗ ಹಿಡಿತ ಸಿಗುತ್ತದೆ, ಅದಕ್ಕೇ ಒಂದು ಚೂರು ಪರ್ಸಿನಲ್ಲಿ ಇರುತ್ತದೆ. ಅಕ್ಕ ಮುಟ್ಟುವುದಿಲ್ಲ, ಅಲ್ಲಾಡಿಸುವುದಿಲ್ಲ. ಎದುರಿಗೆ ಕೂತು ಮೆಲ್ಲಗೆ, 'ಇವತ್ತು ಮಂಗಳವಾರ ಐತವ್ವ. ನಾನು ನಿಮ್ಮಕ್ಕ. ನೀರು ಕುಡಿತೀಯೇನು?' ಅನ್ನುತ್ತಾಳೆ. 'ಈಗ ಯಾರು ಬಂದೀರಿ' ಅಂತ ಕೇಳುವುದಿಲ್ಲ. ಸಣ್ಣಾಕಿ ಬಂದರೆ ಒಂದು ಲೋಟ ಹಾಲು, ಸಿಟ್ಟಿನಾಕಿ ಬಂದರೆ ಸ್ವಲ್ಪ ದೂರ. ಯಾರು ಬಂದರೂ ಒಬ್ಬಳೇ ತಂಗಿ ಅನ್ನುವ ಹಾಗೆ ನೋಡುತ್ತಾಳೆ. ನೆಂಟರು ಬಂದಾಗ 'ಒಮ್ಮೆ ಸಣ್ಣಾಕಿಯನ್ನು ಕರಿ, ನೋಡೋಣ' ಅಂದವರನ್ನು ಅವಳು ಬಾಗಿಲ ತನಕ ಬಿಟ್ಟು ಬಂದಿದ್ದಾಳೆ. ಮನೆಯವರು ಅಷ್ಟು ಗಟ್ಟಿ ಇರಬೇಕು.

ದೇವರ ವಿಷಯ. ನಮ್ಮವ್ವ ನನ್ನನ್ನು ಹುಲಿಗಿಗೆ ಕರೆದುಕೊಂಡು ಹೋಗಿದ್ದಳು. ಹುಣ್ಣಿಮೆಯ ಜನ, ತುಂಗಭದ್ರೆಯಲ್ಲಿ ಸ್ನಾನ, ಹುಲಿಗೆಮ್ಮನ ದರ್ಶನ. ಅದರಿಂದ ನನಗೆ ಕೆಟ್ಟದ್ದೇನೂ ಆಗಲಿಲ್ಲ, ಅವ್ವನ ಕೈ ಹಿಡಿದು ನಡೆದದ್ದು ಈಗಲೂ ಒಳ್ಳೆಯ ನೆನಪು. ಪೂಜೆಯಲ್ಲಿ, ಜಾತ್ರೆಯಲ್ಲಿ ಒಬ್ಬರ ಮೈಮೇಲೆ ದೇವರು ಬಂದು, ಊರು ಅದನ್ನು ಒಪ್ಪಿ, ಆಮೇಲೆ ಅವರು ನೆಮ್ಮದಿಯಾಗಿ ಮನೆಗೆ ಹೋಗುತ್ತಾರಲ್ಲ, ಅದು ರೋಗ ಅಲ್ಲ. ವೈದ್ಯರ ಕೈಪಿಡಿಯೂ ಅದನ್ನು ರೋಗದ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬೇಡದ ಹೊತ್ತಿನಲ್ಲಿ, ಬೇಡವೆಂದರೂ ಬಂದು, ದುಡಿಮೆ ಕೆಡಿಸಿ, ನೆನಪು ಅಳಿಸಿ, ನೋವು ಕೊಟ್ಟರೆ ಡಾಕ್ಟರಿಗೆ ತೋರಿಸಬೇಕು. 2013ರ ಅಮೆರಿಕದ ಕೈಪಿಡಿಯಲ್ಲಿ, 'ಯಾರೋ ಮೈಮೇಲೆ ಬಂದ ಹಾಗೆ' ಕಾಣುವುದೂ ಡಿಐಡಿಯ ಒಂದು ರೂಪ ಇರಬಹುದು ಅಂತ ಸೇರಿಸಿದ್ದಾರೆ. ಹರಕೆ ತೀರಿಸಿ, ಆಸ್ಪತ್ರೆ ಚೀಟಿಯನ್ನೂ ಮಾಡಿಸಿ. ಆದರೆ ಬಿಡಿಸುತ್ತೇವೆ ಅಂತ ಹೊಡೆಯುವ, ಹೊಗೆ ಹಾಕುವ, ಕಟ್ಟಿಹಾಕುವ ಕಡೆ ಮಾತ್ರ ಕಾಲಿಡಬೇಡಿ. ಒಳಗಿನ ಯಾರನ್ನೂ ಓಡಿಸಲು ಆಗುವುದಿಲ್ಲ. ಹೊಡೆತ ಬಿದ್ದಷ್ಟೂ ಅವರು ಇನ್ನೂ ಒಳಗೆ ಅಡಗುತ್ತಾರೆ, ಅವರ ಜೊತೆ ಅವರ ನೆನಪೂ ಅಡಗುತ್ತದೆ.

ಒಂದಾಗುವುದು ಅಂದರೆ ಏನು ಅಂತ ಬಹಳ ಮಂದಿಗೆ ಭಯ. ನನಗೂ ಇತ್ತು, ನನಗಿಂತ ಜಾಸ್ತಿ ಒಳಗಿನವರಿಗಿತ್ತು. 'ಆಮೇಲೆ ನಾನು ಸಾಯ್ತೀನಾ' ಅಂತ ಪೆನ್ಸಿಲ್‌ನಲ್ಲಿ ಬರೆದ ಪುಟ ಈಗಲೂ ಇದೆ. ಡಾಕ್ಟರಮ್ಮ ಎರಡನ್ನು ಬೇರೆ ಮಾಡಿ ತಿಳಿಸಿದರು. ಇಂಟಿಗ್ರೇಶನ್ ಅನ್ನುವುದು ದಿನಾ ನಡೆಯುವ ಕೆಲಸ. ಒಬ್ಬಳಿಗೆ ಗೊತ್ತಿರುವುದು ಇನ್ನೊಬ್ಬಳಿಗೆ ಗೊತ್ತಾಗುವುದು, ಒಬ್ಬಳ ಅಳು ಇನ್ನೊಬ್ಬಳಿಗೂ ತಟ್ಟುವುದು. ಫ್ಯೂಶನ್ ಅನ್ನುವುದು ಇಬ್ಬರ ನಡುವೆ ಬೇರೆ ಅನ್ನುವುದೇ ಉಳಿಯದ ಗಳಿಗೆ. ಮೊದಲನೆಯದು ಎಲ್ಲರಿಗೂ ಬೇಕು. ಎರಡನೆಯದು ಎಲ್ಲರಿಗೂ ಆಗುವುದಿಲ್ಲ, ಎಲ್ಲರೂ ಬಯಸುವುದೂ ಇಲ್ಲ. ಒಳಗೆ ಹಲವರಿದ್ದೂ ಜಗಳವಿಲ್ಲದೆ, ಮರೆವಿಲ್ಲದೆ ಸಂಸಾರ ನಡೆಸುವುದೂ ಒಳ್ಳೆಯ ಫಲಿತಾಂಶವೇ ಅಂತ ಮೊದಲು ಹೇಳಿದ 2011ರ ಮಾರ್ಗಸೂಚಿ ಒಪ್ಪುತ್ತದೆ.

ಲೆಕ್ಕದಾಕಿ ಮತ್ತು ನಾನು ಒಂದಾದದ್ದು ಯಾವ ಸದ್ದೂ ಇಲ್ಲದೆ. ಒತ್ತಿ ಬರೆದ ಅಕ್ಷರ ನೋಟ್‌ಬುಕ್ಕಿನಲ್ಲಿ ಕಡಿಮೆಯಾಗುತ್ತಾ ಬಂತು. ಒಂದು ಬಟವಾಡೆಯ ದಿನ ಮಾಸ್ತರು ಪೀಸು ಓದುತ್ತಿದ್ದಾರೆ, ನಾನು ಮನಸ್ಸಿನಲ್ಲೇ ಕೂಡಿಸುತ್ತಿದ್ದೇನೆ. ಒಂದು ಬಂಡಲ್ ಬಿಟ್ಟುಹೋಗಿದೆ ಅಂದೆ. ಹೌದು, ಬಿಟ್ಟುಹೋಗಿತ್ತು. ಲೆಕ್ಕ ನನಗೆ ಎಂದೂ ಬರುತ್ತಿರಲಿಲ್ಲ, ಅದು ಅವಳ ಕೆಲಸ. ಮನೆಗೆ ಬರುವಾಗ ಆ ಬಂಡಲ್ ಹೊಲಿದದ್ದು ಪೂರ್ತಿ ನೆನಪಿತ್ತು: ಸೂಜಿ ಮುರಿದದ್ದು, ಪಕ್ಕದವಳ ಹತ್ತಿರ ಸೂಜಿ ಕೇಳಿದ್ದು, ಫ್ಯಾನ್ ನಿಂತು ಬೆವರು ಬಟ್ಟೆಗೆ ಬಿದ್ದದ್ದು. ಈಗ ನನ್ನ ಅಕ್ಷರ ವಾಲುತ್ತದೆ, ಚೀಟಿಯ ಹಿಂದೆ ಉಬ್ಬೂ ಬರುತ್ತದೆ.

ಆಮೇಲೆ ದುಃಖ ಬಂತು. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ಹೊರಗೆ ಯಾರೂ ಇಲ್ಲದಾಗ ಒಳಗೆ ಇದ್ದವಳು ಅವಳು. ಅವಳು ಎಲ್ಲೂ ಹೋಗಿಲ್ಲ ಅಂತ ಗೊತ್ತಿದ್ದರೂ ಅವಳ ಉತ್ತರ ಬಾರದ ನೋಟ್‌ಬುಕ್ ತೆರೆಯಲು ಕೈ ಬರುತ್ತಿರಲಿಲ್ಲ. ಮನೆಯವರು ಈ ಹೊತ್ತಿನಲ್ಲಿ 'ಒಳ್ಳೇದಾಯ್ತಲ್ಲ, ಯಾಕೆ ಅಳ್ತಿ' ಅನ್ನಬಾರದು. ಅಳಲು ಬಿಡಬೇಕು. ಅವಳು ಹೊತ್ತಿದ್ದ ನೋವೂ ನನ್ನದಾಯಿತಲ್ಲ, ಅದಕ್ಕೂ ಅಳು ಬರುತ್ತದೆ. ಸುಸ್ತು ಜಾಸ್ತಿ ಆಗುತ್ತದೆ, ಯಾಕೆಂದರೆ ಮೊದಲು ಅರ್ಧ ದಿನದ ದಣಿವನ್ನು ಬೇರೆಯವಳು ಹೊರುತ್ತಿದ್ದಳು.

ಒಂದಾದದ್ದು ನಿಂತಿದೆಯಾ ಅಂತ ತಿಳಿಯಲು ರಿಚರ್ಡ್ ಕ್ಲಫ್ಟ್ ಅನ್ನುವ ಅಮೆರಿಕದ ಮನೋವೈದ್ಯರು ಕೆಲವು ಗುರುತು ಹೇಳಿದ್ದಾರೆ. ಅವರ ಪಟ್ಟಿಯಲ್ಲಿ ಮೊದಲನೆಯದೇ ನೆನಪು. ಮೂರು ತಿಂಗಳು ದಿನದ ನೆನಪಿನಲ್ಲಿ ತೂತು ಬೀಳದೆ ಇರಬೇಕು. ಅದಕ್ಕೇ ನೋಟ್‌ಬುಕ್ ನಿಲ್ಲಿಸಬೇಡಿ. ಸಾವು, ಸಾಲ, ಕಾಯಿಲೆ ಬಂದಾಗ ಮತ್ತೆ ಬೇರೆಯಾಗಬಹುದು. ಬೇರೆಯಾದರೆ ಚಿಕಿತ್ಸೆ ಹಾಳಾಯಿತು ಅಂತಲ್ಲ, ಒಮ್ಮೆ ನಡೆದ ದಾರಿ ಕಾಲಿಗೆ ಗೊತ್ತಿರುತ್ತದೆ. ಸಿಟ್ಟಿನಾಕಿ ಈಗಲೂ ಬೇರೆಯಾಗೇ ಇದ್ದಾಳೆ. ಮೊದಲು ಅವಳನ್ನು ಎಲ್ಲರೂ ಕೆಟ್ಟವಳು ಅನ್ನುತ್ತಿದ್ದರು. 'ನೀನು ಯಾರನ್ನು ಕಾಯ್ತಿದ್ದಿ' ಅಂತ ನೋಟ್‌ಬುಕ್ಕಿನಲ್ಲಿ ಕೇಳಿದಾಗ, 'ಸಣ್ಣಾಕೀನ' ಅಂತ ಉತ್ತರ ಬಂತು. ಅಂದಿನಿಂದ ಅವಳಿಗೆ ಕೆಲಸ ಕೊಟ್ಟಿದ್ದೇವೆ. ರಾತ್ರಿ ಪಾಳಿ ಮಾಡು ಅಂತ ಯಾರಾದರೂ ಒತ್ತಾಯಿಸಿದರೆ ಆಗಲ್ಲ ಅನ್ನುವವಳು ಅವಳು.

ಎಲ್ಲಿಗೆ ಹೋಗಬೇಕು? ನಮ್ಮ ಬಳ್ಳಾರಿಗೆ ಇದರಲ್ಲಿ ಒಂದು ಹೆಮ್ಮೆ ಇದೆ. ದೊಡ್ಡ ಆಸ್ಪತ್ರೆಗೆ ಕಳಿಸದೆ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆ ನೋಡಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಜಿಲ್ಲೆ ಮಟ್ಟದಲ್ಲಿ ಮಾಡಿ ತೋರಿಸಿದ್ದು ನಮ್ಮ ಜಿಲ್ಲೆಯಲ್ಲಿ. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಮನೋವೈದ್ಯ ವಿಭಾಗ ಕೇಳಿ. ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಯಾವ ಮಂಗಳವಾರ ಅಂತ ವಿಚಾರಿಸಿ. ಮಾತಿನ ಚಿಕಿತ್ಸೆ ಅಲ್ಲಿ ಸಿಗದಿದ್ದರೆ ನಿಮ್ಹಾನ್ಸ್‌ಗೆ ಚೀಟಿ ಬರೆಸಿಕೊಳ್ಳಿ. ಸಾಯಬೇಕು ಅನ್ನಿಸಿದರೆ, ಅಥವಾ ಒಳಗಿನ ಯಾರೋ ಹಾಗೆ ಬರೆದಿಟ್ಟಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿಮ್ಮ ಕಾಯಿಲೆಯ ವಿಷಯವನ್ನು ಡಾಕ್ಟರು, ಆಸ್ಪತ್ರೆಯವರು ಗುಟ್ಟಾಗಿ ಇಡಬೇಕು. ಮುಂದೆ ನನಗೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು ಅಂತ ಮೊದಲೇ ಬರೆದಿಡುವ ಹಕ್ಕೂ, ನನ್ನ ಪರವಾಗಿ ಮಾತಾಡುವವರನ್ನು ಹೆಸರಿಸುವ ಹಕ್ಕೂ ಇದೆ. ನಾನು ಅಕ್ಕನ ಹೆಸರು ಕೊಟ್ಟಿದ್ದೇನೆ. ಯಾರು ಹೊರಗಿದ್ದಾಗ ಸಹಿ ಹಾಕಿದರು ಅನ್ನುವ ಗೊಂದಲ ನಮ್ಮಂಥವರಿಗೆ ಬರಬಹುದು. ಅದಕ್ಕೇ ಇಂಥದ್ದನ್ನು ನೆಮ್ಮದಿಯ ದಿನದಲ್ಲಿ, ಒಳಗಿನವರನ್ನೂ ಕೇಳಿ ಬರೆಯಿರಿ.

ಮೊದಲ ಸಲ ಹೋಗುವಾಗ ಹಳೆಯ ಚೀಟಿಗಳು, ನುಂಗುತ್ತಿರುವ ಮಾತ್ರೆಯ ಸ್ಟ್ರಿಪ್, ಆಧಾರ್, ಜೊತೆಗೆ ನಂಬಿಕೆಯ ಒಬ್ಬರು. 'ನನ್ನೊಳಗೆ ನಾಲ್ಕು ಜನ ಇದ್ದಾರೆ' ಅಂತ ಶುರು ಮಾಡುವುದಕ್ಕಿಂತ, ನೆನಪಿನ ತೂತುಗಳನ್ನು ಹೇಳಿ: ಯಾವ ದಿನ, ಎಷ್ಟು ಹೊತ್ತು, ಆಮೇಲೆ ಏನು ಸಿಕ್ಕಿತು, ಬೇರೆಯವರು ಏನು ನೋಡಿದರು. ಒಪಿಡಿಯಲ್ಲಿ ಸಮಯ ಕಡಿಮೆ, ಹಾಗಾಗಿ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಿ. ನೋಟ್‌ಬುಕ್ ಕೊಡಬೇಕಾಗಿಲ್ಲ. ಡಾಕ್ಟರು ಹೇಳಿದ್ದನ್ನು ಅಲ್ಲೇ ಬೆಂಚಿನ ಮೇಲೆ ಕೂತು ಬರೆದುಕೊಳ್ಳಿ, ಮುಂದಿನ ತಾರೀಖು ಸೇರಿಸಿ. ಮನೆಗೆ ಹೋಗುವಷ್ಟರಲ್ಲಿ ಬೇರೆ ಯಾರಾದರೂ ಬಂದರೆ ಅವರಿಗೂ ಅದು ಬೇಕಾಗುತ್ತದೆ.